ಮದ್ದು ಕೊಡುವ ಕೈಯೇ ಪಾಠ ಹೇಳಲಿ

ಕೊಡಗಿನ ಉತ್ತರ ತುದಿಯಲ್ಲಿ, ಹಾಸನ ಜಿಲ್ಲೆಗೆ ಅಂಟಿಕೊಂಡೇ ಇರುವ ಹೋಬಳಿ ಕೊಡ್ಲಿಪೇಟೆ. ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ್ದರೂ ಇಲ್ಲಿನವರ ಓಡಾಟ ಅರ್ಧಕ್ಕರ್ಧ ಸಕಲೇಶಪುರ, ಹಾಸನದ ಕಡೆಗೆ. ಜ್ವರ, ಕೆಮ್ಮು, ಸಣ್ಣಪುಟ್ಟ ಗಾಯಗಳಿಗೆ ಊರಿನ ಆಸ್ಪತ್ರೆ, ಕ್ಲಿನಿಕ್ಕುಗಳೇ ಸಾಕು. ಅದಕ್ಕಿಂತ ದೊಡ್ಡದೇನಾದರೂ ಬಂದರೆ ದಾರಿ ಎರಡು. ಶನಿವಾರಸಂತೆ, ಸೋಮವಾರಪೇಟೆ ದಾಟಿ ಮಡಿಕೇರಿಗೆ ಹೋಗಬೇಕು, ಇಲ್ಲವೇ ಜಿಲ್ಲೆಯ ಗಡಿ ದಾಟಿ ಹಾಸನಕ್ಕೆ. ಯಾವ ದಾರಿ ಹಿಡಿದರೂ ಕೊನೆಗೆ ತಲುಪುವುದು ಒಂದು ಬೋಧನಾ ಆಸ್ಪತ್ರೆಯನ್ನೇ. ಹಾಸನದಲ್ಲಿ 2006ರಲ್ಲಿ, ಮಡಿಕೇರಿಯಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಳು ಶುರುವಾದವು. ಎರಡೂ ಕಡೆ ಇದ್ದ ಜಿಲ್ಲಾಸ್ಪತ್ರೆಗಳೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಾದವು. ಅದಕ್ಕೂ ಮುಂಚೆ ಕೊಡಗಿನ ಬಡವರು ಹೋಗುತ್ತಿದ್ದುದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ ಅಥವಾ ಮಂಗಳೂರಿನ ವೆನ್‌ಲಾಕ್‌ಗೆ. ಅವೂ ಪಾಠ ನಡೆಯುವ ಆಸ್ಪತ್ರೆಗಳೇ.

ಅಂದರೆ ನಮ್ಮ ಕಡೆಯ ಬಡ ರೋಗಿಯ ಪಾಲಿಗೆ ದೊಡ್ಡ ಡಾಕ್ಟರು ಯಾವತ್ತೂ ಮೇಷ್ಟ್ರೂ ಆಗಿದ್ದವರು. ಒಬ್ಬರೇ ಮನುಷ್ಯ ಬೆಳಿಗ್ಗೆ ರೋಗಿಯ ಹೊಟ್ಟೆ ಮುಟ್ಟಿ ನೋಡಿ, ಮಧ್ಯಾಹ್ನ ತರಗತಿಯಲ್ಲಿ ಅದೇ ಹೊಟ್ಟೆನೋವಿನ ಕಾರಣ ವಿವರಿಸಿ, ಸಂಜೆ ವಿದ್ಯಾರ್ಥಿಯ ಪ್ರಬಂಧ ತಿದ್ದುತ್ತಾರೆ. ಈ ಜೋಡಿ ಕೆಲಸ ಹೇಗೆ ನಡೆಯುತ್ತದೆ, ಅದರಿಂದ ರೋಗಿಗೆ ಏನು ಲಾಭ, ಅದು ಎಲ್ಲಿ ಮುರಿದುಬೀಳುತ್ತಿದೆ ಎಂಬುದು ವೈದ್ಯರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಕೊಡ್ಲಿಪೇಟೆಯಂಥ ಊರಿಗೆ ಒಳ್ಳೆಯ ವೈದ್ಯರು, ನರ್ಸ್‌ಗಳು ಬಂದು ನೆಲೆ ನಿಲ್ಲುತ್ತಾರೋ ಇಲ್ಲವೋ ಎಂಬ ಪ್ರಶ್ನೆಯೂ ಇದರೊಳಗೇ ಅಡಗಿದೆ.

ವೈದ್ಯಕೀಯ ಕಾಲೇಜಿನ ವಾರ್ಡಿನಲ್ಲಿ ಬೆಳಿಗ್ಗೆ ರೌಂಡ್ಸ್ ಬರುವ ಗುಂಪನ್ನು ಗಮನಿಸಿ. ಮುಂದೆ ಪ್ರಾಧ್ಯಾಪಕರು, ಅವರ ಜೊತೆ ಸಹ ಪ್ರಾಧ್ಯಾಪಕರೋ ಸಹಾಯಕ ಪ್ರಾಧ್ಯಾಪಕರೋ, ಹಿಂದೆ ಸೀನಿಯರ್ ರೆಸಿಡೆಂಟ್, ಸ್ನಾತಕೋತ್ತರ ವಿದ್ಯಾರ್ಥಿಗಳು, ಹೌಸ್ ಸರ್ಜನ್‌ಗಳು, ಕೊನೆಯಲ್ಲಿ ಪುಟ್ಟ ನೋಟ್‌ಬುಕ್ ಹಿಡಿದ ಎಂ.ಬಿ.ಬಿ.ಎಸ್. ಮಕ್ಕಳು. ಇದನ್ನು ಯೂನಿಟ್ ಅನ್ನುತ್ತಾರೆ. ಪ್ರತಿ ಯೂನಿಟ್‌ಗೂ ಗೊತ್ತಾದ ಹೊರರೋಗಿ ದಿನ, ದಾಖಲಾತಿ ದಿನ, ಆಪರೇಷನ್ ದಿನ ಇರುತ್ತವೆ. ರಾತ್ರಿ ಬಂದ ರೋಗಿಯ ಕಥೆಯನ್ನು ಬೆಳಿಗ್ಗೆ ಕಿರಿಯರೊಬ್ಬರು ಒಪ್ಪಿಸಬೇಕು. ನೋವು ಯಾವಾಗ ಶುರುವಾಯಿತು, ಎಲ್ಲಿಂದ ಎಲ್ಲಿಗೆ ಹಬ್ಬಿತು, ಮನೆಯಲ್ಲಿ ಯಾರಿಗಾದರೂ ಇತ್ತೇ. ಹಿರಿಯರು ಕೇಳಿಸಿಕೊಂಡು ತಾವೇ ರೋಗಿಯನ್ನು ಪರೀಕ್ಷಿಸುತ್ತಾರೆ. ಕಿರಿಯರು ಲಿವರ್ ದೊಡ್ಡದಾಗಿದೆ ಎಂದರೆ, ಕೈ ಎಲ್ಲಿಟ್ಟು, ಯಾವ ಉಸಿರಿನಲ್ಲಿ, ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಸರಿಯಿದ್ದರೆ ಮುಂದಿನ ಮಂಚ. ತಪ್ಪಿದ್ದರೆ ಅಲ್ಲೇ ಕೈ ಹಿಡಿದು ತೋರಿಸುತ್ತಾರೆ.

ಅಷ್ಟೇ ಹೊತ್ತಿನಲ್ಲಿ ರೋಗಿಯ ಚಿಕಿತ್ಸೆ ತೀರ್ಮಾನವಾಗಿರುತ್ತದೆ, ರಾತ್ರಿ ಕಿರಿಯರು ತೆಗೆದುಕೊಂಡ ನಿರ್ಧಾರ ತಪಾಸಣೆಗೊಳಗಾಗಿರುತ್ತದೆ, ನಾಳಿನ ವೈದ್ಯರು ಒಂದು ಹೆಜ್ಜೆ ಮುಂದೆ ಬಂದಿರುತ್ತಾರೆ. ಪಾಠಕ್ಕೆಂದು ಬೇರೆ ಸಮಯ, ಚಿಕಿತ್ಸೆಗೆಂದು ಬೇರೆ ಸಮಯ ಇಲ್ಲಿಲ್ಲ. ಪ್ರಶ್ನೆ ಕೇಳುವ ವಿದ್ಯಾರ್ಥಿ ಎದುರಿಗಿದ್ದಾಗ ವೈದ್ಯರು ಅಭ್ಯಾಸಬಲದಿಂದ ಮಾತ್ರೆ ಬರೆದು ಮುಂದೆ ಹೋಗಲು ಆಗುವುದಿಲ್ಲ. ಯಾಕೆ ಈ ಮಾತ್ರೆ, ಯಾಕೆ ಈ ಪರೀಕ್ಷೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದವರು ಓದಲೇಬೇಕು. ಬೋಧನಾ ಆಸ್ಪತ್ರೆಯ ಶಿಸ್ತು ಹುಟ್ಟುವುದು ಇಲ್ಲಿ.

ನಮ್ಮ ಹಳ್ಳಿಗಳಲ್ಲಿ ಒಂದು ಭಯ ಇನ್ನೂ ಹೋಗಿಲ್ಲ. ‘ಅಲ್ಲಿ ಕಲಿಯೋ ಹುಡುಗ್ರು ನಮ್ಮ ಮೇಲೆ ಕೈ ಅಭ್ಯಾಸ ಮಾಡ್ತಾರೆ’ ಎಂಬ ಮಾತು ಅದು. ಈ ಭಯವನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸರಿಯಲ್ಲ. ಒಬ್ಬ ಹೆಂಗಸಿನ ಮಂಚದ ಸುತ್ತ ಹತ್ತು ಜನ ನಿಂತು, ಅವಳ ಅನುಮತಿ ಕೇಳದೆ, ಅವಳಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಅವಳ ದೇಹದ ಬಗ್ಗೆ ಮಾತಾಡಿದರೆ ಅದು ಪಾಠವಲ್ಲ, ಅವಮಾನ. ಪರದೆ ಎಳೆಯುವುದು, ಹೆಸರು ಹಿಡಿದು ಮಾತಾಡಿಸುವುದು, ವಿದ್ಯಾರ್ಥಿ ನೋಡಬಹುದೇ ಎಂದು ಕನ್ನಡದಲ್ಲಿ ಕೇಳುವುದು, ಬೇಡ ಎಂದರೆ ಬಿಡುವುದು ಇವೆಲ್ಲ ವೈದ್ಯ ಮೇಷ್ಟ್ರು ಕಲಿಸಬೇಕಾದ ಮೊದಲ ಪಾಠಗಳು. ಇವನ್ನು ಯಾವ ಪುಸ್ತಕವೂ ಕಲಿಸಲಾರದು. ಹಿರಿಯರು ಮಾಡಿದ್ದನ್ನು ಕಿರಿಯರು ನೋಡಿ ಮಾಡುತ್ತಾರೆ.

ಪಾಠ ಹೇಳುವವರು ರೋಗಿಗಳ ನಡುವೆಯೇ ಇರಬೇಕು ಎಂಬುದಕ್ಕೆ ಕಾಫಿ ಸೀಮೆಯದೇ ಒಂದು ಉದಾಹರಣೆ ಇದೆ. ಹಾವು ಕಡಿತದ ಪಾಠದಲ್ಲಿ ನಾಲ್ಕು ಹಾವುಗಳು ಬರುತ್ತವೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ದೇಶದಲ್ಲಿ ಸಿಗುವ ಪ್ರತಿವಿಷವನ್ನು ಈ ನಾಲ್ಕರ ವಿಷದಿಂದಲೇ ತಯಾರಿಸುತ್ತಾರೆ. ಆದರೆ ಪಶ್ಚಿಮ ಘಟ್ಟದ ಕಾಫಿ, ಏಲಕ್ಕಿ, ರಬ್ಬರ್ ತೋಟಗಳ ತರಗೆಲೆಯಲ್ಲಿ ಹಂಪ್‌ನೋಸ್ಡ್ ಪಿಟ್ ವೈಪರ್ ಎಂಬ ಇನ್ನೊಂದು ಸಣ್ಣ ಮಂಡಲದ ಹಾವಿದೆ. ಅದು ಕಚ್ಚಿದರೆ ಬಾವು ಬರುತ್ತದೆ, ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಕಿಡ್ನಿ ಕೆಡುತ್ತದೆ. ನಾಲ್ಕು ಹಾವಿನ ಪ್ರತಿವಿಷ ಇದಕ್ಕೆ ನಾಟುವುದಿಲ್ಲ. ಬಾಟಲಿಯ ಮೇಲೆ ಬಾಟಲಿ ಏರಿಸಿದರೆ ಅಲರ್ಜಿಯ ಅಪಾಯ ಹೆಚ್ಚುತ್ತದೆಯೇ ಹೊರತು ಪ್ರಯೋಜನವಿಲ್ಲ. ಮೂತ್ರದ ಪ್ರಮಾಣದ ಮೇಲೆ ಕಣ್ಣಿಟ್ಟು, ಬೇಕಾದಾಗ ತಡಮಾಡದೆ ಡಯಾಲಿಸಿಸ್‌ಗೆ ಕಳಿಸುವುದೇ ದಾರಿ. ಬಹಳ ಕಾಲ ಈ ಹಾವನ್ನು ಗರಗಸ ಮಂಡಲ ಎಂದು ತಪ್ಪಾಗಿ ಗುರುತಿಸುತ್ತಿದ್ದರು. ಪ್ರಾಣಕ್ಕೇ ಕುತ್ತು ತರಬಲ್ಲ ಹಾವು ಇದು ಎಂದು 2007ರಲ್ಲಿ ಖಚಿತವಾಗಿ ಬರೆದು ತೋರಿಸಿದವರು ಕೇರಳದಲ್ಲಿ ಹಾವು ಕಚ್ಚಿದವರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು. ತಮ್ಮ ವಾರ್ಡಿಗೆ ಬಂದ ರೋಗಿಯನ್ನೂ, ರೋಗಿಯ ಜೊತೆ ಡಬ್ಬಿಯಲ್ಲಿ ಬಂದ ಹಾವನ್ನೂ ಗಮನವಿಟ್ಟು ನೋಡಿದವರು.

ಹಾವು ಕಡಿತದಲ್ಲಿ ಮಂಚದ ಪಕ್ಕದಲ್ಲೇ ಮಾಡುವ ಒಂದು ಸರಳ ಪರೀಕ್ಷೆಯೂ ಇದೆ. 2 ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ಕೊಳವೆಗೆ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಲೆಕ್ಕ. ಕಾಲೇಜಿನ ಪರೀಕ್ಷೆಯಲ್ಲಿ ಹೀಗೆ ಬರೆದರೆ ಪೂರ್ತಿ ಅಂಕ. ಆದರೆ ಕೊಳವೆ ಪ್ಲಾಸ್ಟಿಕ್‌ನದಾದರೆ, ಇಲ್ಲವೇ ಸೋಪಿನ ಪುಡಿಯಲ್ಲಿ ತೊಳೆದ ಗಾಜಾದರೆ ವಿಷವೇರದವರ ರಕ್ತವೂ ಹೆಪ್ಪುಗಟ್ಟದೆ ಉಳಿದು ದಾರಿ ತಪ್ಪಿಸಬಹುದು. ರಾತ್ರಿ ಹನ್ನೊಂದಕ್ಕೆ ತೋಟದ ಕೂಲಿಯಾಳೊಬ್ಬನನ್ನು ಜೀಪಿನಲ್ಲಿ ಕರೆತಂದಾಗ ಗಾಜಿನ ಕೊಳವೆ ಎಲ್ಲಿದೆ ಎಂದು ಹುಡುಕಿ ಗೊತ್ತಿರುವ ವೈದ್ಯರು ಈ ಪಾಠ ಹೇಳುವ ರೀತಿಯೇ ಬೇರೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಈಗ ಗ್ರಾಮೀಣ ಆಸ್ಪತ್ರೆಗಳಿಂದ ಬರುವ ಮಾಹಿತಿಯನ್ನು ಓದಿ, ಅದರಿಂದ ಪಾಠ ಕಟ್ಟುವವರು ಬೇಕು. ಆ ಮಾಹಿತಿ ಹುಟ್ಟುವ ಜಾಗದಲ್ಲಿ ಕೆಲಸ ಮಾಡುವವರಿಗಿಂತ ಯೋಗ್ಯರು ಯಾರು?

ಮಂಚದ ಪಕ್ಕದ ಪಾಠ ಹೊಸದಲ್ಲ. ಹದಿನೆಂಟನೇ ಶತಮಾನದಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಹರ್ಮನ್ ಬೂರ್ಹಾವ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಕರೆದೊಯ್ದು ಕಲಿಸಿ ಯೂರೋಪಿಗೆಲ್ಲ ಹೆಸರಾದರು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಶಾಲೆ 1893ರಲ್ಲಿ ತೆರೆದಾಗ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ವಾರ್ಡಿನ ಕೆಲಸಕ್ಕೇ ಹಚ್ಚಿದರು. ನಿಜವಾದ ಜಗಳ ಶುರುವಾದದ್ದು ಆಮೇಲೆ. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ ವೈದ್ಯಕೀಯ ಕಾಲೇಜುಗಳ ಬಗ್ಗೆ ಕಟುವಾದ ವರದಿ ಕೊಟ್ಟರು. ಕ್ಲಿನಿಕಲ್ ಪ್ರಾಧ್ಯಾಪಕರು ಖಾಸಗಿ ಪ್ರಾಕ್ಟೀಸ್ ಬಿಟ್ಟು, ಪೂರ್ಣಾವಧಿ ಸಂಬಳಕ್ಕೆ ದುಡಿಯಬೇಕು ಎಂಬ ವಾದಕ್ಕೆ ಅವರು ಬಲ ತುಂಬಿದರು. 1913ರಲ್ಲಿ ರಾಕ್‌ಫೆಲ್ಲರ್ ಹಣದ ನೆರವಿನಿಂದ ಜಾನ್ಸ್ ಹಾಪ್‌ಕಿನ್ಸ್ ಅದನ್ನು ಜಾರಿಗೂ ತಂದಿತು. ಅಷ್ಟರಲ್ಲಿ ಆಕ್ಸ್‌ಫರ್ಡಿಗೆ ಹೋಗಿದ್ದ ಆಸ್ಲರ್ ಅಲ್ಲಿಂದಲೇ ವಿರೋಧಿಸಿ ಪತ್ರ ಬರೆದರು. ಹೊರಗಿನ ವೈದ್ಯರ, ರೋಗಿಗಳ ಸಂಪರ್ಕ ಕಡಿದುಕೊಂಡ ಪ್ರಾಧ್ಯಾಪಕರು ತಮ್ಮದೇ ಲೋಕದಲ್ಲಿ ಮುಳುಗಿಹೋಗುತ್ತಾರೆ ಎಂಬುದು ಅವರ ಚಿಂತೆ.

ನೂರು ವರ್ಷಗಳ ಬಳಿಕವೂ ನಾವು ಇದೇ ಜಗಳದೊಳಗಿದ್ದೇವೆ. ನಮ್ಮ ನಾಡಿನಲ್ಲಿ ಪರಿಹಾರಗಳನ್ನು ಬೇರೆ ಬೇರೆ ರೀತಿಯಲ್ಲಿ ಹುಡುಕಲಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜು ಸಂಸ್ಥಾನದ ಆಸ್ಪತ್ರೆಯನ್ನೇ ಪಾಠಶಾಲೆ ಮಾಡಿಕೊಂಡಿತು. ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದ ಕಸ್ತೂರ್ಬಾ ಕಾಲೇಜು ಕಟ್ಟಿದಾಗ ಅವರ ಕೈಯಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. 1848ರಷ್ಟು ಹಳೆಯದಾದ ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯ ವಾರ್ಡುಗಳೇ ವಿದ್ಯಾರ್ಥಿಗಳ ಕ್ಲಿನಿಕಲ್ ತರಗತಿಗಳಾದವು. ದಕ್ಷಿಣ ಕನ್ನಡ ಆಗ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಖಾಸಗಿ ಕಾಲೇಜಿನ ಅಧ್ಯಾಪಕರು ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೆ ಚಿಕಿತ್ಸೆ ಕೊಡುತ್ತ ಕಲಿಸುವ ಆ ಏರ್ಪಾಡು ಇಂದಿಗೂ ನಡೆದಿದೆ. ಕಟ್ಟಡ ಕಟ್ಟುವ ಮೊದಲು ರೋಗಿ ಎಲ್ಲಿದ್ದಾನೆ ಎಂದು ಹುಡುಕಿಕೊಂಡು ಹೋದ ಆ ವಿವೇಕವನ್ನು ನಾನು ಬಹಳ ಗೌರವಿಸುತ್ತೇನೆ.

ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಇನ್ನೂ ದೂರ ನೋಡಿತ್ತು. ಆಸ್ಪತ್ರೆಯ ಗೋಡೆಯಾಚೆ, ಜನರ ಬದುಕಿನ ನಡುವೆ ವೈದ್ಯರನ್ನು ತರಬೇತುಗೊಳಿಸಬೇಕು ಎಂದಿತ್ತು. 1977ರಲ್ಲಿ ಬಂದ ವೈದ್ಯಕೀಯ ಶಿಕ್ಷಣದ ಮರುಹೊಂದಾಣಿಕೆ ಯೋಜನೆ ಕಾಲೇಜುಗಳಿಗೆ ಹಳ್ಳಿಯ ಆರೋಗ್ಯ ಕೇಂದ್ರಗಳ ಹೊಣೆ ಹೊರಿಸಿ ಸಂಚಾರಿ ಕ್ಲಿನಿಕ್ ವಾಹನಗಳನ್ನೂ ಕೊಟ್ಟಿತು. ಅದು ಕ್ರಮೇಣ ಸೊರಗಿತು. ಅಧ್ಯಾಪಕರು ಹಳ್ಳಿಯಲ್ಲಿ ಕಳೆದ ದಿನಕ್ಕೆ ಬಡ್ತಿಯ ಲೆಕ್ಕದಲ್ಲಿ ಬೆಲೆಯಿಲ್ಲದಿದ್ದರೆ ಯಾವ ವಾಹನ ಕೊಟ್ಟರೂ ಯೋಜನೆ ನಿಲ್ಲುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ಹಣದ ಮಾತನ್ನು ಮುಚ್ಚಿಡಬಾರದು. ತಜ್ಞ ವೈದ್ಯರೊಬ್ಬರು ಖಾಸಗಿ ಆಸ್ಪತ್ರೆಯಲ್ಲಿ ಗಳಿಸುವುದನ್ನು ಬೋಧಕ ಹುದ್ದೆ ಕೊಡಲಾರದು. ಕೇಂದ್ರ ಸರ್ಕಾರಿ ಸಂಸ್ಥೆಗಳಲ್ಲಿ ಖಾಸಗಿ ಪ್ರಾಕ್ಟೀಸ್ ಬಿಡುವುದಕ್ಕೆ ಮೂಲವೇತನದ ಶೇ 20ರಷ್ಟು ಭತ್ಯೆ ಇದೆ. ಉಳಿದೆಡೆ ಸಂಜೆಯ ಕ್ಲಿನಿಕ್ ಸಾಮಾನ್ಯ ದೃಶ್ಯ. ಸಂಜೆಯ ಕ್ಲಿನಿಕ್ ತಾನೇ ತಪ್ಪಲ್ಲ. ಬೆಳಗಿನ ವಾರ್ಡನ್ನು ಅದು ನುಂಗಿದಾಗ ತಪ್ಪು. ಕೆಲವು ಕಾಲೇಜುಗಳಲ್ಲಿ ತಪಾಸಣೆಯ ದಿನ ಮಾತ್ರ ಕಾಣಿಸಿಕೊಳ್ಳುವ ಬೋಧಕರ ಪಿಡುಗು ಎಷ್ಟು ಬೆಳೆಯಿತೆಂದರೆ, ರಾಷ್ಟ್ರೀಯ ವೈದ್ಯಕೀಯ ಆಯೋಗ ಆಧಾರ್ ಆಧಾರಿತ ಹಾಜರಿ ತಂದು, ಬೋಧಕರಿಗೂ ಶೇ 75ರ ಹಾಜರಿ ಕಡ್ಡಾಯ ಮಾಡಿ, ಕಾಲೇಜಿನ ವೇಳೆಯಲ್ಲಿ ಖಾಸಗಿ ಪ್ರಾಕ್ಟೀಸ್ ನಿಷೇಧಿಸಬೇಕಾಯಿತು. ಕ್ರಮ ಸರಿಯಾದದ್ದೇ. ಆದರೆ ಯಂತ್ರ ದಾಖಲಿಸುವುದು ಬಂದುಹೋದ ವೇಳೆಯನ್ನು ಮಾತ್ರ. ವಿದ್ಯಾರ್ಥಿಯ ಪಕ್ಕ ನಿಂತು ಕಲಿಸಿದರೋ ಇಲ್ಲವೋ ಎಂಬುದು ಅದಕ್ಕೆ ಕಾಣುವುದಿಲ್ಲ.

ವೈದ್ಯರ ವಿಷಯದಲ್ಲಿ ಚಿಕಿತ್ಸೆ ಮತ್ತು ಪಾಠ ಕಡೇಪಕ್ಷ ಒಂದೇ ಕಟ್ಟಡದಲ್ಲಿವೆ. ನರ್ಸಿಂಗ್‌ನಲ್ಲಿ ಈ ಎರಡರ ನಡುವೆ ದೊಡ್ಡ ಕಂದಕವೇ ಇದೆ. ಎಂ.ಎಸ್ಸಿ. ನರ್ಸಿಂಗ್ ಮುಗಿಸಿ ಕಾಲೇಜಿನ ಬೋಧಕಿಯಾದವರು ಹೆಚ್ಚಾಗಿ ವಾರ್ಡಿನ ಹೊಣೆಯಿಂದ ಹೊರಗುಳಿಯುತ್ತಾರೆ. ಇಪ್ಪತ್ತು ವರ್ಷ ರಾತ್ರಿಪಾಳಿ ಮಾಡಿ, ರೋಗಿಯ ಮುಖ ನೋಡಿಯೇ ಕೆಡುಕನ್ನು ಗ್ರಹಿಸುವ ಸ್ಟಾಫ್ ನರ್ಸ್‌ಗೆ ತರಗತಿಯ ಬಾಗಿಲು ತೆರೆಯುವುದಿಲ್ಲ. ಹುಡುಗಿಯರು ಕಾಲೇಜಿನಲ್ಲಿ ಒಂದು ವಿಧಾನ ಕಲಿತು, ವಾರ್ಡಿನಲ್ಲಿ ಇನ್ನೊಂದನ್ನು ನೋಡಿ ಗೊಂದಲಕ್ಕೆ ಬೀಳುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಬಹುಕಾಲದಿಂದ ನರ್ಸಿಂಗ್ ಬೋಧಕರಿಗೆ ವಾರ್ಡಿನ ಜವಾಬ್ದಾರಿಯನ್ನೂ ವಹಿಸಿ ಈ ಕಂದಕ ಮುಚ್ಚಿದೆ. ಅಲ್ಲಿ ಆಗುವುದು ಮಡಿಕೇರಿ, ಹಾಸನದಲ್ಲಿ ಆಗದಿರಲು ಕಾರಣವಿಲ್ಲ.

ಚಿಕಿತ್ಸೆ, ಪಾಠ ಎರಡನ್ನೂ ಕೂಡಿಸುವುದರಲ್ಲಿ ಮೈಸೂರೂ ದಾರಿ ತೋರಿದೆ. ಅಲ್ಲಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ 1960ರ ದಶಕದಿಂದಲೂ ತರಗತಿ ಮತ್ತು ಕ್ಲಿನಿಕ್ ಒಂದೇ ಸೂರಿನಡಿ ಇವೆ. ಮಾತು ಬಾರದ ಮಗುವಿನ ಜೊತೆ ವಿದ್ಯಾರ್ಥಿನಿ ಕೆಲಸ ಮಾಡುವಾಗ ಅಧ್ಯಾಪಕರು ಮೇಲ್ವಿಚಾರಣೆ ಮಾಡುತ್ತಾರೆ. ಜೆ.ಎಸ್.ಎಸ್. ಫಾರ್ಮಸಿ ಕಾಲೇಜು 1990ರ ದಶಕದ ಕೊನೆಯಲ್ಲಿ ಔಷಧ ಶಾಸ್ತ್ರದ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಆಸ್ಪತ್ರೆಯ ವಾರ್ಡಿಗೆ ತಂದಿತು. ಔಷಧಿಗಳ ಪರಸ್ಪರ ತೊಂದರೆ, ಅಡ್ಡಪರಿಣಾಮ ನೋಡುವುದು ಅವರ ಕೆಲಸ. ಇಂಥ ಕೆಲಸಕ್ಕೆ ತಯಾರು ಮಾಡುವ ಫಾರ್ಮ್ ಡಿ ಕೋರ್ಸ್ ದೇಶಕ್ಕೆ ಬಂದದ್ದು 2008ರಲ್ಲಿ, ಅದಾಗಿ ಸುಮಾರು ಹತ್ತು ವರ್ಷಗಳ ನಂತರ. ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜು 1999ರಿಂದ ಕೊಡಗಿನಲ್ಲೇ ಇದೆ. ಹಲ್ಲು ಕೀಳಿಸಿಕೊಳ್ಳಲು ಹೋದವರಿಗೆಲ್ಲ ಅಧ್ಯಾಪಕರ ಕಣ್ಣಳತೆಯಲ್ಲಿ ವಿದ್ಯಾರ್ಥಿ ಕೆಲಸ ಮಾಡುವ ಪದ್ಧತಿ ಪರಿಚಿತ.

ಇನ್ನು ನಿಯಮಗಳ ಮಾತು. ಎಂ.ಬಿ.ಬಿ.ಎಸ್. ಆದ ಮೇಲೆ ಎಂ.ಡಿ. ಅಥವಾ ಎಂ.ಎಸ್., ಆಮೇಲೆ ಸೀನಿಯರ್ ರೆಸಿಡೆನ್ಸಿ, ನಂತರ ಸಹಾಯಕ ಪ್ರಾಧ್ಯಾಪಕ ಹುದ್ದೆ, ಇದು ಬೋಧಕರಾಗಲು ರೂಢಿಯ ಮೆಟ್ಟಿಲು. ಬಡ್ತಿಗೆ ಸಂಶೋಧನಾ ಲೇಖನಗಳೂ ಬೋಧನಾ ವಿಧಾನದ ತರಬೇತಿಯೂ ಬೇಕು. ಆರೋಗ್ಯ ಇಲಾಖೆಗೆ ಸೇರಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿದ ತಜ್ಞರು ಈ ಮೆಟ್ಟಿಲಿನಿಂದ ಹೊರಗೇ ಉಳಿಯುತ್ತಿದ್ದರು. 2025ರ ಮಧ್ಯದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತು. 220ಕ್ಕಿಂತ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ಅನುಭವ ಇರುವ ತಜ್ಞರು ಸಹ ಪ್ರಾಧ್ಯಾಪಕರಾಗಬಹುದು, 2 ವರ್ಷ ಅನುಭವ ಇರುವವರು ಸೀನಿಯರ್ ರೆಸಿಡೆನ್ಸಿ ಇಲ್ಲದೆಯೇ ಸಹಾಯಕ ಪ್ರಾಧ್ಯಾಪಕರಾಗಬಹುದು. ಮಟ್ಟ ಇಳಿಯುತ್ತದೆ ಎಂದು ಕೆಲವರು ಆಕ್ಷೇಪಿಸಿದರು. ನಾನು ಈ ನಿಯಮದ ಪರವಾಗಿದ್ದೇನೆ. ವಾರ್ಡಿನಲ್ಲಿ ಕಳೆದ ಹತ್ತು ವರ್ಷಕ್ಕೆ ವಿದ್ಯೆಯ ಬೆಲೆ ಕಟ್ಟಿದ್ದು ನ್ಯಾಯ. ಕಲಿಸುವ ಕಲೆಯ ತರಬೇತಿ ಕಡ್ಡಾಯವಾಗಿರಲಿ, ಅಷ್ಟೇ.

ನನ್ನ ತಕರಾರು ಆ 220ರ ಬಗ್ಗೆ. ನಮ್ಮ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಯವು. ಹೋಬಳಿ ಮಟ್ಟದವು ಇನ್ನೂ ಚಿಕ್ಕವು. ಹಾಸಿಗೆಯ ಲೆಕ್ಕ ಹಿಡಿದರೆ ಸೋಮವಾರಪೇಟೆ ಸೀಮೆಯ ವೈದ್ಯರ ಅನುಭವ ಎಂದೂ ತರಗತಿ ಮುಟ್ಟುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ಡಿಸ್ಟ್ರಿಕ್ಟ್ ರೆಸಿಡೆನ್ಸಿ ನಿಯಮ ಇದಕ್ಕಿಂತ ಉದಾರವಾಗಿದೆ. 2023ರ ನಿಯಮಾವಳಿಯಂತೆ 50 ಹಾಸಿಗೆಯ ಆಸ್ಪತ್ರೆಯೂ ಅದಕ್ಕೆ ಸಾಕು. ಹಾಗಾದರೆ ತಾಲ್ಲೂಕು ಆಸ್ಪತ್ರೆಯ ತಜ್ಞರು ಆ ಮೂರು ತಿಂಗಳು ಪಾಠ ಹೇಳುವವರೇ ಆದರಲ್ಲ! ಅವರಿಗೆ ಬೋಧಕರ ಸ್ಥಾನಮಾನ, ಭತ್ಯೆ, ಅದಕ್ಕೆಂದು ಬಿಡುವು ಕೊಡುವುದು ಮುಂದಿನ ಹೆಜ್ಜೆಯಾಗಬೇಕು.

ಮಡಿಕೇರಿಯ ಸಂಸ್ಥೆಗೆ ವರ್ಷಕ್ಕೆ 150 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು. 2011ರ ಜನಗಣತಿಯಂತೆ ಇಡೀ ಕೊಡಗಿನ ಜನಸಂಖ್ಯೆ ಸುಮಾರು 5.5 ಲಕ್ಷ, ಅದೂ ಬೆಟ್ಟ ಕಣಿವೆಗಳಲ್ಲಿ ಚದುರಿದ ಜನ. ಅಷ್ಟು ವಿದ್ಯಾರ್ಥಿಗಳಿಗೆ ಬೇಕಾದ ಬಗೆಬಗೆಯ ಅನುಭವ ಒಂದೇ ಆಸ್ಪತ್ರೆಯಲ್ಲಿ ಸಿಗುವುದು ಕಷ್ಟ. ವಿದ್ಯಾರ್ಥಿಗಳು ಜನರಿರುವಲ್ಲಿಗೆ ಬರಬೇಕು. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಅವರ ಆರೋಗ್ಯ ಗಮನಿಸುವ ಕಾರ್ಯಕ್ರಮ ಈಗಾಗಲೇ ಪಠ್ಯದಲ್ಲಿದೆ. ಕಡ್ಡಾಯ ಸೇವೆಯ ಹೊಸ ವೈದ್ಯರು ಗ್ರಾಮೀಣ ಆಸ್ಪತ್ರೆಗಳಿಗೆ ಬರುವುದೂ ಇದೆ. ಆದರೆ ಬಂದವರಿಗೆ ಅಲ್ಲಿ ಮೇಷ್ಟ್ರಿಲ್ಲ. ಸಂಶಯ ಬಂದ ರಾತ್ರಿ ಫೋನು ಮಾಡಿದರೆ ಎತ್ತುವ ಹಿರಿಯರಿಲ್ಲ. ಊರು ಬಿಟ್ಟು ಹೋಗುವ ಯುವ ವೈದ್ಯರಲ್ಲಿ ಹಲವರು ಸಂಬಳಕ್ಕಿಂತ ಹೆಚ್ಚಾಗಿ ಈ ಒಂಟಿತನದಿಂದಲೇ ಬೇಸತ್ತು ಹೋಗುತ್ತಾರೆ ಎಂದು ನನಗನ್ನಿಸುತ್ತದೆ.

ಆದ್ದರಿಂದ ಕೊಡ್ಲಿಪೇಟೆಯ ಪರವಾಗಿ ಕೇಳಬೇಕಾದದ್ದು ದೊಡ್ಡ ಕಟ್ಟಡವನ್ನಲ್ಲ. ಮಡಿಕೇರಿ ಅಥವಾ ಹಾಸನದ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ವಾರಕ್ಕೊಂದು ನಿಗದಿತ ದಿನ ಇಲ್ಲಿ ಕುಳಿತು ರೋಗಿಗಳನ್ನು ನೋಡಲಿ, ಅಲ್ಲೇ ಪಾಠ ಮಾಡಲಿ. ಆ ದಿನ ಅವರ ಬಡ್ತಿಯ ಲೆಕ್ಕಕ್ಕೆ ಸೇರಲಿ. ಊರಿನ ಸರ್ಕಾರಿ ವೈದ್ಯರು, ಅನುಭವಿ ನರ್ಸ್‌ಗಳು ತಿಂಗಳಿಗೊಮ್ಮೆ ಕಾಲೇಜಿಗೆ ಹೋಗಿ ತಾವು ಕಂಡ ಪ್ರಕರಣಗಳನ್ನು ಅಲ್ಲಿ ಮಂಡಿಸಲಿ. ಎರಡು ಜಿಲ್ಲೆ, ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣದ ಎರಡು ಇಲಾಖೆ ಎಂಬ ಗಡಿ ಇದಕ್ಕೆ ಅಡ್ಡ ಬರಬಾರದು. ಗಡಿಯ ಊರಿನ ರೋಗಿ ಜಿಲ್ಲೆ ನೋಡಿ ಕಾಯಿಲೆ ಬೀಳುವುದಿಲ್ಲ.

ಈ ಹೋಬಳಿಯ ಶಾಲೆ, ಕಾಲೇಜುಗಳಲ್ಲಿ ಓದುತ್ತ ಡಾಕ್ಟರೋ ನರ್ಸೋ ಫಿಸಿಯೋಥೆರಪಿಸ್ಟೋ ಲ್ಯಾಬ್ ಟೆಕ್ನೀಷಿಯನ್ನೋ ಆಗಬೇಕೆಂದಿರುವ ಮಕ್ಕಳಿಗೂ ಒಂದು ಮಾತು. ಪಾಠ ಹೇಳಬೇಕಾದರೆ ಆಸ್ಪತ್ರೆ ಬಿಡಬೇಕು, ಆಸ್ಪತ್ರೆಯಲ್ಲಿದ್ದರೆ ಮೇಷ್ಟ್ರಾಗಲಾರೆ ಎಂದುಕೊಳ್ಳಬೇಡಿ. ಕೆಲಸದ ಜೊತೆಗೇ ಸ್ನಾತಕೋತ್ತರ ಓದಿನ ದಾರಿ ಹುಡುಕಿ. ನೋಡಿದ ರೋಗಿಗಳ ಬಗ್ಗೆ, ಹೆಸರು ಬರೆಯದೆ, ಮೊದಲ ವರ್ಷದಿಂದಲೇ ಟಿಪ್ಪಣಿ ಇಡಿ. ಕಿರಿಯರಿಗೆ ಕೈ ಹಿಡಿದು ತೋರಿಸುವ ಅಭ್ಯಾಸ ಇಂಟರ್ನ್‌ಶಿಪ್‌ನಲ್ಲೇ ಶುರುವಾಗಲಿ. ಊರಿನ ಹಿರಿಯರು, ಚುನಾಯಿತ ಪ್ರತಿನಿಧಿಗಳು ಆಸ್ಪತ್ರೆಗೆ ಯಂತ್ರ, ಕಟ್ಟಡ ಕೇಳುವ ಮನವಿಪತ್ರ ಬರೆಯುವಾಗ ಅದರ ಜೊತೆಗೆ ಇನ್ನೊಂದು ಸಾಲು ಸೇರಿಸಲಿ: ವಾರಕ್ಕೊಮ್ಮೆ ನಮ್ಮ ಆಸ್ಪತ್ರೆಗೆ ಒಬ್ಬ ಮೇಷ್ಟ್ರನ್ನು, ಅವರ ವಿದ್ಯಾರ್ಥಿಗಳೊಂದಿಗೆ, ಕಳಿಸಿಕೊಡಿ.